ಯಾರ ಹೆಜ್ಜೆಯ ಲೆಕ್ಕ?

ಬೆಟ್ಟ ಹತ್ತುವುದು ಕಷ್ಟವೋ, ಬೆಟ್ಟ ಹತ್ತುವ ಯೋಜನೆ ಹಾಕುವುದು ಕಷ್ಟವೋ ಎಂದು ಯಾರಾದರೂ ಕೇಳಿದರೆ ಎರಡನೆಯದೇ ಎಂದು ನಾನು ಹೇಳುತ್ತೇನೆ. ಹತ್ತುವಾಗ ನೋಯುವುದು ಕಾಲು. ಯೋಜನೆ ಹಾಕುವಾಗ ನೋಯುವುದು ಮನಸ್ಸು. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು, ಎಷ್ಟು ಹೊತ್ತಿಗೆ ಹಿಂದಿರುಗಬೇಕು, ಹಿಂದಿರುಗೋಣ ಎಂಬ ಮಾತನ್ನು ಯಾರು ಆಡಬೇಕು? ಇವು ಮೇಲುನೋಟಕ್ಕೆ ಪ್ರವಾಸದ ಪ್ರಶ್ನೆಗಳು. ಸ್ವಲ್ಪ ಒಳಹೊಕ್ಕು ನೋಡಿದರೆ ನ್ಯಾಯದ ಪ್ರಶ್ನೆಗಳು.

ಇವು ನನ್ನೆದುರು ಬಂದದ್ದು ಕುದುರೆಮುಖದ ನೆಪದಿಂದ. ನಮ್ಮ ಐರಣಿಯ ಸುತ್ತ ಗುಡ್ಡಗಳೇ ಇಲ್ಲವೆಂದಲ್ಲ. ಆದರೆ ಅವು ನಸುಕಿನಲ್ಲಿ ಏರಿ ಉಪ್ಪಿಟ್ಟಿನ ಹೊತ್ತಿಗೆ ಇಳಿದು ಬರುವಂಥವು. ದೇವರಗುಡ್ಡಕ್ಕೆ ಮಾಲತೇಶನ ಕಾರಣಿಕ ಕೇಳಲು ಮುದುಕರು, ಮಕ್ಕಳು, ಕಂಕುಳಲ್ಲಿ ಕೂಸು ಹೊತ್ತವರು ಎಲ್ಲರೂ ಹೋಗಿ ಬರುತ್ತಾರೆ. ಕುದುರೆಮುಖದ ಮಾತೇ ಬೇರೆ. ಆದರೂ ಅದು ನಮಗೆ ಪರಕೀಯವಲ್ಲ. ನಮ್ಮೂರ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯ ಎರಡು ಹೊಳೆಗಳೂ, ತುಂಗೆಯೂ ಭದ್ರೆಯೂ, ಆ ರಾಷ್ಟ್ರೀಯ ಉದ್ಯಾನದೊಳಗಿನ ಗಂಗಾಮೂಲದಲ್ಲಿ ಹುಟ್ಟುತ್ತವೆ. ಬೇರೆ ಬೇರೆ ದಾರಿ ಹಿಡಿದು ಹೋಗಿ ಶಿವಮೊಗ್ಗೆಯ ಹತ್ತಿರ ಕೂಡಲಿಯಲ್ಲಿ ಒಂದಾಗಿ ನಮ್ಮ ಕಡೆಗೆ ಬರುತ್ತವೆ. ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ನಕಾಶೆಯ ಮೇಲೆ ಕೋಲಿಟ್ಟು ತೋರಿಸಿದ್ದೇನೆ. ಹೊಳೆಮಠದ ಕಡೆ ನೀರಿನ ಅಂಚಿಗೆ ನಿಂತಾಗಲೆಲ್ಲ, ಈ ನೀರು ಬಂದ ಕಡೆಗೆ ಒಮ್ಮೆಯಾದರೂ ಕಾಲಿನಿಂದ ನಡೆದು ಹೋಗಬೇಕು ಎನಿಸುತ್ತಿತ್ತು. ನನಗೀಗ ಐವತ್ತೇಳು. ಎನಿಸುವುದನ್ನು ಇನ್ನು ಮುಂದೂಡುವಂತಿಲ್ಲ.

ಶಾಲೆಯ ನಾವು ಏಳು ಜನ ಕೂಡಿ ಡಿಸೆಂಬರ್ ತಿಂಗಳಲ್ಲಿ ಹೋಗುವುದೆಂದು ಮಾತಾಯಿತು. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಕುಳಿತು ಒಂದು ಕಾಗದದ ಮೇಲೆ ತಿಳಿದದ್ದನ್ನೆಲ್ಲ ಬರೆದೆವು. 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ, ಸುಮಾರು 600 ಚದರ ಕಿಲೋಮೀಟರು. ಶಿಖರದ ಎತ್ತರ ಸಮುದ್ರಮಟ್ಟದಿಂದ 1,890 ಮೀಟರಿಗೆ ತುಸು ಮೇಲೆ. ಹಿಂದಿನ ದಿನವೇ ಕಳಸಕ್ಕೆ ಹೋಗಿ ಉಳಿಯಬೇಕು. ಬೆಳಗಿನ ಜಾವ ಜೀಪು ಹಿಡಿದು ಮುಳ್ಳೋಡಿಗೆ ಹೋಗಬೇಕು. ಅಲ್ಲಿಂದ ನಡಿಗೆ, ಹೋಗಿ ಬರಲು ಇಪ್ಪತ್ತು ಕಿಲೋಮೀಟರಿನಷ್ಟು, ಅದರಲ್ಲಿ ಸಾವಿರ ಮೀಟರಿಗೆ ಹತ್ತಿರದ ಏರಿಕೆ. ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ಸ್ಥಳೀಯ ಗೈಡ್ ಇರಬೇಕು. ಬೆಟ್ಟದ ಮೇಲೆ ರಾತ್ರಿ ಉಳಿಯುವಂತಿಲ್ಲ. ನಮ್ಮ ಕಡೆ ವರ್ಷಕ್ಕೆ ಆರೇಳು ನೂರು ಮಿಲಿಮೀಟರು ಮಳೆಯಾದರೆ ಅಲ್ಲಿ ಆರೇಳು ಸಾವಿರ. ಆದ್ದರಿಂದ ಮಳೆಗಾಲ ಬೇಡ. ಜಾರಿಕೆ, ಮಂಜು, ಉಂಬಳ ಇವೆಲ್ಲ ಆಗದ ಮಾತು. ಇಷ್ಟು ಬರೆಯುವಷ್ಟರಲ್ಲಿ ಚಹಾ ಎರಡು ಸಲ ಬಂದಿತ್ತು.

ಗಣಿತದ ಸರ್ ಹೊತ್ತಿನ ಲೆಕ್ಕ ಹಾಕಿದರು. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್‌ಲೆಂಡಿನ ಪರ್ವತಾರೋಹಿ ಕೊಟ್ಟ ಸೂತ್ರವೊಂದಿದೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಆರು ನೂರು ಮೀಟರು ಏರಿಕೆಗೆ ಇನ್ನೊಂದು ಗಂಟೆ. ಹಾಗೆ ಎಣಿಸಿದರೆ ಮೇಲೆ ತಲುಪಲು ಮೂರೂವರೆ ಗಂಟೆ ಸಾಕು. "ಹತ್ತ ಗಂಟೇಕ್ಕ ತುದೀಮ್ಯಾಲ ಬುತ್ತಿ ಬಿಚ್ಚಬಹುದ್ರಿ" ಎಂದರು. ಸೂತ್ರ ಸರಿಯೇ. ಆದರೆ ಅದು ಗಟ್ಟಿಮುಟ್ಟಾದ ನಡಿಗೆಗಾರನ ಕಾಲಿನಿಂದ ಮಾಡಿದ ಸೂತ್ರ. ನಮ್ಮಲ್ಲಿ ಆ ಕಾಲು ಯಾರದು?

ಪ್ರಶ್ನೆ ಅಲ್ಲಿಂದ ಶುರುವಾಯಿತು. ನಮ್ಮ ಏಳು ಜನರಲ್ಲಿ ಹಿಂದಿ ಕಲಿಸುವ ನನ್ನ ಗೆಳತಿಯೊಬ್ಬಳಿದ್ದಾಳೆ. ನನ್ನ ವಾರಿಗೆಯವಳೇ. ಸಕ್ಕರೆ ಕಾಯಿಲೆಯಿದೆ, ಬಲಮೊಣಕಾಲು ಸರಿಯಿಲ್ಲ. ಆದರೆ ಈ ಪ್ರವಾಸದ ಮಾತು ಮೊದಲು ಎತ್ತಿದವಳು ಅವಳೇ. ಅವಳಿಲ್ಲದಾಗ ದೈಹಿಕ ಶಿಕ್ಷಕರು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು: "ಟೀಚರ್, ಅವರಿಗೆ ಟಿಕೆಟ್ ಸಿಗಲಿಲ್ಲ ಅಂದುಬಿಡೂಣ್ರಿ. ಅವರ ಒಳ್ಳೇದಕ್ಕ ಹೇಳಾಕತ್ತೀನಿ."

ಆ ಹುಡುಗ ಕೆಟ್ಟವನಲ್ಲ. ಅವನ ಮಾತಿನಲ್ಲಿ ಕಾಳಜಿಯೂ ಇತ್ತು. ಆದರೂ "ಅವರ ಒಳ್ಳೇದಕ್ಕ" ಎಂಬ ಆ ಮಾತು ನನ್ನನ್ನು ರಾತ್ರಿ ನಿದ್ದೆಗೆಡಿಸಿತು. ನಾವು ಹೆಂಗಸರು ಈ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದೇವೆ. ದೂರದ ಊರಿಗೆ ಓದಲು ಕಳಿಸದಿರುವುದು ನಮ್ಮ ಒಳ್ಳೆಯದಕ್ಕೆ, ಹೊತ್ತು ಮುಳುಗಿದ ಮೇಲೆ ಹೊರಗೆ ಬಿಡದಿರುವುದು ನಮ್ಮ ಒಳ್ಳೆಯದಕ್ಕೆ. ಒಬ್ಬರ ಒಳ್ಳೆಯದನ್ನು ಅವರನ್ನು ಕೇಳದೆ ಇನ್ನೊಬ್ಬರು ತೀರ್ಮಾನಿಸಿದಾಗ, ಅದರಲ್ಲಿ ಅರ್ಧಪಾಲು ತೀರ್ಮಾನಿಸಿದವರ ಅನುಕೂಲವೇ ಇರುತ್ತದೆ. ಇಲ್ಲಿಯೂ ಅಷ್ಟೇ. ಅವಳು ಬರದಿದ್ದರೆ ಹತ್ತು ಗಂಟೆಗೆ ತುದಿಯ ಮೇಲೆ ಬುತ್ತಿ ಬಿಚ್ಚಬಹುದು.

ನಾನು ಸುತ್ತಿಬಳಸದೆ ಅವಳನ್ನೇ ಕೇಳಿದೆ. ಅವಳು ನಕ್ಕಳು. "ನನ್ನ ಮೊಣಕಾಲು ನಿಮಗಿಂತ ನನಗ ಚೊಲೊ ಗೊತ್ತೈತೆವಾ. ತುದಿ ಮುಟ್ಟತೀನಂತ ನಾ ಹೊಂಟಿಲ್ಲ. ಎಲ್ಲೀತನಕ ಆಗ್ತೈತಿ ಅಲ್ಲೀತನಕ ಬರ್ತೀನಿ. ಆದ್ರ ನನ್ನ ಸಲುವಾಗಿ ಯಾರೂ ತಿರುಗಬ್ಯಾಡ್ರಿ" ಎಂದಳು. ಎಷ್ಟು ದೊಡ್ಡ ಮನಸ್ಸಿನ ಮಾತು! ಆದರೆ ಆ ಕೊನೆಯ ಮಾತನ್ನು ಒಪ್ಪಿಕೊಳ್ಳುವಂತಿರಲಿಲ್ಲ. ಕಾಟಿಗಳು ತಿರುಗಾಡುವ, ಯಾವ ಗಳಿಗೆಯಲ್ಲಾದರೂ ಮಂಜು ಮುಸುಕುವ ಹುಲ್ಲುಗಾವಲಿನಲ್ಲಿ ಒಬ್ಬಳನ್ನು ಕೂರಿಸಿ ಆರು ಜನ ಮುಂದೆ ಹೋಗುವುದು ಹೇಗೆ? ಹೋದರೂ ಯಾವ ಮನಸ್ಸಿನಿಂದ ಹೋಗುವುದು? ಅವಳ ಔದಾರ್ಯ ನಮಗೆ ದಾರಿ ತೋರಿಸಲಿಲ್ಲ.

ಬರಿಯ ಔದಾರ್ಯ ಬೆಟ್ಟದ ಮೇಲೆ ಸಾಲದು ಎಂಬುದಕ್ಕೆ ಎವರೆಸ್ಟಿನ ಒಂದು ಕಥೆಯಿದೆ. 1995ರಲ್ಲಿ ನ್ಯೂಜಿಲೆಂಡಿನ ರಾಬ್ ಹಾಲ್ ಎಂಬ ಅನುಭವಿ, ತುದಿ ಇನ್ನೇನು ಹತ್ತಿರವಿದ್ದಾಗ ಹೊತ್ತು ಮೀರಿತೆಂದು ಡಗ್ ಹ್ಯಾನ್ಸನ್ ಎಂಬ ಅಂಚೆ ನೌಕರರನ್ನು ಹಿಂದಿರುಗಿಸಿದ್ದರು. ಮರುವರ್ಷ ಹ್ಯಾನ್ಸನ್ ಮತ್ತೆ ಬಂದರು. 1996ರ ಮೇ 10ರಂದು, ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲಿದ್ದರೂ ಮರಳಬೇಕೆಂಬ ಮಾತಿತ್ತು. ಹ್ಯಾನ್ಸನ್ ತುದಿ ಮುಟ್ಟಿದಾಗ ನಾಲ್ಕರ ಸುಮಾರು. ಎರಡನೆಯ ಸಲವೂ ಅವರನ್ನು ಬರಿಗೈಯಲ್ಲಿ ಕಳಿಸಲು ಹಾಲ್ ಅವರಿಗೆ ಮನಸ್ಸು ಬರಲಿಲ್ಲವೆಂದು ತೋರುತ್ತದೆ. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಇಬ್ಬರೂ ಮರಳಲಿಲ್ಲ. ಆ ಬಿರುಗಾಳಿಗೆ ಸಿಕ್ಕು ಸತ್ತವರು ಒಟ್ಟು ಎಂಟು ಜನ. ಅಲ್ಲಿ ಕ್ರೂರಿಗಳು ಯಾರೂ ಇರಲಿಲ್ಲ. ತುದಿ ಕಣ್ಣೆದುರು ಇರುವಾಗ ಕರುಣೆಯೂ ಆಸೆಯ ಮಾತನ್ನೇ ಆಡುತ್ತದೆ, ಅಷ್ಟೇ. ಆದ್ದರಿಂದಲೇ ಮರಳುವ ಹೊತ್ತನ್ನು ತುದಿ ಕಾಣದ ಜಾಗದಲ್ಲಿ, ಮನೆಯಲ್ಲಿ ಕುಳಿತು, ತಣ್ಣನೆಯ ತಲೆಯಿಂದ ಗೊತ್ತುಮಾಡಬೇಕು.

ಹಾಗೆಂದು ಯೋಜನೆಯೊಂದಿದ್ದರೆ ಎಲ್ಲ ಆಯಿತೆಂದು ಹೇಳಲಾರೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಹೋದ, ಕರ್ನಾಟಕದವರೇ ಹೆಚ್ಚಾಗಿದ್ದ 22 ಜನರ ತಂಡ ಮರಳುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ತೀರಿಕೊಂಡರು. ನನ್ನ ವಯಸ್ಸಿನ, ನನಗಿಂತ ಹಿರಿಯ ವಯಸ್ಸಿನ ಹೆಂಗಸರೂ ಅವರಲ್ಲಿದ್ದರು. ಮನೆಯಲ್ಲಿ ಕುಳಿತು ಅವರ ತಪ್ಪು ಹುಡುಕುವುದು ನನಗೆ ಸರಿಕಾಣುವುದಿಲ್ಲ. ಬೆಟ್ಟ ನಮ್ಮ ಕಾಗದಕ್ಕೆ ಸಹಿ ಹಾಕಿರುವುದಿಲ್ಲ. ಗಾಳಿ, ಮಳೆ ನಮ್ಮ ಕೈಯಲ್ಲಿಲ್ಲ. ಒಬ್ಬರ ಪಾಲಿಗೆ ಇನ್ನೊಬ್ಬರು ಹೇಗಿರಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಇದಕ್ಕೆ ಉತ್ತರ ನನಗೆ ಹೊಳೆಯ ಕಡೆಯಿಂದಲೇ ಸಿಕ್ಕಿತು. ಅಂಬಿಗರ ಚೌಡಯ್ಯನ ಚೌಡದಾನಪುರ ನಮ್ಮ ತಾಲೂಕಿನದೇ. ಹೊಳೆದಂಡೆಯ ನಮಗೆ ಅಂಬಿಗನ ರೀತಿ ಗೊತ್ತು. ಹೊಳೆ ತುಂಬಿದಾಗ ಅವನು ಹರಿಗೋಲಿನಲ್ಲಿ ಕುಳಿತವರ ಅಭಿಪ್ರಾಯ ಕೇಳುವುದಿಲ್ಲ, ನೀರನ್ನು ನೋಡುತ್ತಾನೆ. ಎಷ್ಟು ಜನ ಹತ್ತಬೇಕೆಂಬುದನ್ನು ಚೆನ್ನಾಗಿ ಈಜಬಲ್ಲವನನ್ನು ನೋಡಿ ಗೊತ್ತುಮಾಡುವುದಿಲ್ಲ, ಈಜು ಬಾರದವನನ್ನು ನೋಡಿ ಗೊತ್ತುಮಾಡುತ್ತಾನೆ. ಅವನಿಗೆ ಆಚೆ ದಡದಲ್ಲಿ ಮದುವೆಯಿಲ್ಲ, ಸಂತೆಯಿಲ್ಲ. ಅದಕ್ಕೇ ಅವನ ಕಣ್ಣು ಮಂಕಾಗುವುದಿಲ್ಲ. ಅವನ ಮಾತು ನಡೆಯಬೇಕೆಂಬುದನ್ನು ನಾವು ದಡದಲ್ಲೇ ಒಪ್ಪಿರುತ್ತೇವೆ. ನಡುನೀರಿನಲ್ಲಿ ಯಾರು ಹಿರಿಯರೆಂಬ ವಾದ ಮಾಡುವುದಿಲ್ಲ.

ನಮ್ಮ ಏಳು ಜನರಲ್ಲಿ ಅಂಬಿಗರಾಗಲು ಯಾರೂ ತಕ್ಕವರಲ್ಲ. ಮೊದಲು ನಾನೇ ಅಲ್ಲ. "ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಇನ್ನೊಮ್ಮೆ ಬಂದರಾಯಿತು" ಎಂದು ಮೂವತ್ತರ ದೈಹಿಕ ಶಿಕ್ಷಕರಿಗೆ ಹೇಳಬಹುದು. ಬೆಟ್ಟ ಹೋಗುವುದಿಲ್ಲ ನಿಜ, ನನ್ನ ಕಾಲು ಹೋಗುತ್ತದೆ. ನನಗೆ ತುದಿಯ ಆಸೆ ಎಲ್ಲರಿಗಿಂತ ಹೆಚ್ಚು. ಆಸೆ ಹೆಚ್ಚಿದ್ದವರ ಕೈಯಲ್ಲಿ ಗಡಿಯಾರ ಕೊಡಬಾರದು. ಅದಕ್ಕಾಗಿ ಆ ಅಧಿಕಾರವನ್ನು ಗೈಡಿಗೆ ಕೊಡೋಣವೆಂದೆ. ಅವನು ಆ ನೆಲದವನು, ಆ ತುದಿಯನ್ನು ದಿನಬೆಳಗಾದರೆ ನೋಡುವವನು. ಆದರೆ ಅವನಿಗೂ ಒಂದು ಕಟ್ಟಿದೆ. ದುಡ್ಡು ಕೊಟ್ಟು ದೂರದಿಂದ ಬಂದವರನ್ನು ನಿರಾಸೆಗೊಳಿಸಲು ಅವನು ಹಿಂಜರಿಯಬಹುದು. ಆದ್ದರಿಂದ, ತುದಿ ಮುಟ್ಟಿದರೂ ಮುಟ್ಟದಿದ್ದರೂ ಪೂರ್ತಿ ಹಣ, ಮೇಲೆ ಅಷ್ಟೇ ಭಕ್ಷೀಸು ಎಂದು ನಡೆಯುವ ಮೊದಲೇ ಅವನಿಗೆ ಹೇಳಿಬಿಡಬೇಕು. ಒಬ್ಬನಿಂದ ಸತ್ಯದ ಮಾತು ಬೇಕಾದರೆ, ಆ ಮಾತಿನಿಂದ ಅವನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ಕೇಳುವವರ ಕೆಲಸ.

ಇನ್ನು ಗೆಳತಿಯ ವಿಷಯ. ಇಬ್ಬರು ಗೈಡುಗಳನ್ನು ಗೊತ್ತುಮಾಡಿದರೆ ಒಬ್ಬ ಅವಳ ಜೊತೆಗಿರಬಹುದು, ನಡೆಯಬಲ್ಲವರು ಇನ್ನೊಬ್ಬನ ಜೊತೆ ಮುಂದೆ ಹೋಗಬಹುದು. ಅವಳು ಎರಡನೆಯವನ ಖರ್ಚು ತಾನೇ ಕೊಡುತ್ತೇನೆಂದಳು. ಗಣಿತದ ಸರ್ ಕೂಡ, ಸ್ವಲ್ಪ ಸಂಕೋಚದಿಂದಲೇ, "ಅದು ನ್ಯಾಯಾನ ಅಲ್ರಿ?" ಎಂದರು. ಪ್ರಶ್ನೆ ಸಣ್ಣದಲ್ಲ. ಒಬ್ಬರ ನೋವಿನ ಖರ್ಚನ್ನು ಎಲ್ಲರೂ ಏಕೆ ಹೊರಬೇಕು?

ನನಗೆ ತೋಚಿದ್ದು ಇಷ್ಟು. ಬಂಡಿಗೆ ಕೀಲೆಣ್ಣೆ ಹಚ್ಚುವಾಗ ಯಾವ ಗಾಲಿ ಕಿರುಗುಟ್ಟುತ್ತದೋ ಆ ಕಡೆ ಕುಳಿತವರೇ ಎಣ್ಣೆಯ ದುಡ್ಡು ಕೊಡಿ ಎಂದು ಯಾರೂ ಕೇಳುವುದಿಲ್ಲ. ಬಂಡಿ ಮುಟ್ಟಬೇಕಾದದ್ದು ಎಲ್ಲರಿಗೂ. ಅದಕ್ಕಿಂತ ದೊಡ್ಡ ಮಾತೆಂದರೆ, ಇವತ್ತು ಅವಳ ಮೊಣಕಾಲು ನಮಗೆ ಕಾಣುತ್ತಿದೆ. ಬೆಟ್ಟದ ಮೇಲೆ ಯಾರ ಕಾಲು ಉಳುಕುತ್ತದೆ, ಯಾರ ತಲೆ ತಿರುಗುತ್ತದೆ ಎಂಬುದು ಕಾಣುತ್ತಿಲ್ಲ. ಒಂದು ಸಡಿಲ ಕಲ್ಲು ಸಾಕು, ದೈಹಿಕ ಶಿಕ್ಷಕರೇ ಎಲ್ಲರಿಗಿಂತ ಹಿಂದಾಗಲು. ಆಗ ಆ ಎರಡನೆಯ ಗೈಡ್ ಅವರವನು. ದುರ್ಬಲರಿಗಾಗಿ ಮಾಡಿದ ಏರ್ಪಾಡು ನಿಜಕ್ಕೂ ಎಲ್ಲರಿಗಾಗಿ ಮಾಡಿದ್ದು. ಮೊದಲು ಯಾರಿಗೆ ಬೇಕಾಗುತ್ತದೆ ಎಂಬುದಷ್ಟೇ ನಮಗೆ ಗೊತ್ತಿರುವುದಿಲ್ಲ. ಗಣಿತದ ಸರ್ ಒಂದು ಗಳಿಗೆ ಸುಮ್ಮನಿದ್ದು, ಮೊತ್ತವನ್ನು ಏಳರಿಂದ ಭಾಗಿಸಿದರು.

ಹೀಗೆ ಯೋಚಿಸುತ್ತ ಹೋದರೆ ಎಲ್ಲರಿಗಿಂತ ನಿಧಾನದ ಹೆಜ್ಜೆ ನನ್ನ ಗೆಳತಿಯದೂ ಅಲ್ಲ, ಬೆಟ್ಟದ್ದು. ತುಳಿದ ಹುಲ್ಲು ಮತ್ತೆ ಚಿಗುರಲು, ಸವೆದ ಮಣ್ಣು ಕೂಡಲು ಅದಕ್ಕೆ ಅದರದೇ ಹೊತ್ತು ಬೇಕು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಜನ ನುಗ್ಗಿದ ಮೇಲೆ ಸರಕಾರ ಇಂಥ ಚಾರಣಗಳನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಟಿಕೆಟ್ಟಿನ ಮೂಲಕ ದಿನಕ್ಕೆ ಇಷ್ಟೇ ಜನವೆಂಬ ಮಿತಿ ತಂದಿತು. ಟಿಕೆಟ್ ಸಿಗಲಿಲ್ಲವೆಂದು ಗೊಣಗುವವರಿದ್ದಾರೆ. ಅದೇ ಬೆಟ್ಟದ ನೀರು ಕುಡಿಯುವ ಊರಿನವಳಾದ ನಾನು ಗೊಣಗಲಾರೆ. ಹೊರೆ ಎಷ್ಟಿರಬೇಕೆಂದು ಹೊರುವವರನ್ನು ನೋಡಿ ಗೊತ್ತುಮಾಡಬೇಕೆಂಬ ಅಂಬಿಗನ ನಿಯಮವೇ ಅಲ್ಲಿಯೂ ಇದೆ.

ಕೊನೆಗೆ ನಮ್ಮ ಕಾಗದದ ಮೇಲೆ ಉಳಿದದ್ದು ಇದು. ಬೆಳಿಗ್ಗೆ ಆರೂವರೆಗೆ ಮುಳ್ಳೋಡಿಯಿಂದ ನಡಿಗೆ. ಹಿಂದಿ ಟೀಚರು ಎಲ್ಲರಿಗಿಂತ ಮುಂದೆ, ಉಳಿದವರು ಅವರ ಹಿಂದೆ. ಒಂಟಿಮರದ ತನಕ ಯಾರೂ ಅವರನ್ನು ದಾಟುವಂತಿಲ್ಲ. ಅಲ್ಲಿ ಕುಳಿತು, ಬುತ್ತಿ ಉಂಡು, ಯಾರು ಮುಂದೆ ಯಾರು ಹಿಂದೆ ಎಂದು ಗೈಡ್ ಹೇಳಿದಂತೆ. ಎಲ್ಲಿದ್ದರೂ ಹನ್ನೆರಡಕ್ಕೆ ತಿರುಗುವುದು. ಇಳಿಯುವಾಗಲೇ ಮೊಣಕಾಲಿಗೆ ನೋವು ಹೆಚ್ಚು, ಅದಕ್ಕೆ ನಾಲ್ಕೂವರೆ ಗಂಟೆ. ಕತ್ತಲಾಗುವ ಮುಂಚೆ ಒಂದೂವರೆ ಗಂಟೆ ಕೈಯಲ್ಲಿ ಉಳಿಯುತ್ತದೆ. ಆ ಒಂದೂವರೆ ಗಂಟೆಯನ್ನು ತುದಿಗಾಗಿ ಖರ್ಚು ಮಾಡುವಂತಿಲ್ಲ.

ಈ ಲೆಕ್ಕದಲ್ಲಿ ನಾನು ತುದಿ ಮುಟ್ಟುವೆನೋ ಇಲ್ಲವೋ ಹೇಳಲು ಬರುವುದಿಲ್ಲ. ಇಲ್ಲವೆಂಬ ಕಡೆಗೇ ತಕ್ಕಡಿ ಸ್ವಲ್ಪ ವಾಲಿದೆ. ಅದು ನನಗೆ ಬೇಸರವಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಅರಣ್ಯ ಇಲಾಖೆಯ ಅರ್ಜಿಯಲ್ಲಿ ಏಳು ಹೆಸರು, ಏಳು ವಯಸ್ಸು ತುಂಬಿದ್ದೇವೆ. ಯಾರ ಒಳ್ಳೆಯದಕ್ಕಾಗಿಯೂ ಯಾರಿಗೂ ಸುಳ್ಳು ಹೇಳಿಲ್ಲ. ಸದ್ಯ ಪ್ರತಿ ಭಾನುವಾರ ಏಳೂ ಜನ ದೇವರಗುಡ್ಡಕ್ಕೆ ಹೋಗಿ ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದೇವೆ, ಗೆಳತಿ ಮುಂದೆ, ನಾವು ಹಿಂದೆ.