ದಾಟಿದವರು, ತೆಗೆದವರು

ಅಡ್ಡಿ ಎದುರಾದರೆ ಎದೆಗುಂದಬೇಡ, ದಾಟು, ಗೆಲ್ಲು ಎನ್ನುತ್ತೇವೆ. ದಾಟಿದವರಿಗೆ ಹಾರ ಹಾಕಿ ಸನ್ಮಾನ ಮಾಡುತ್ತೇವೆ. ಅದು ಸರಿಯೇ. ಆದರೆ ಒಬ್ಬರು ದಾಟಿಹೋದ ಮೇಲೂ ಅಡ್ಡಿ ಅಲ್ಲೇ ಇರುತ್ತದೆ, ಹಿಂದೆ ಬರುವವರನ್ನು ತಡೆಯುತ್ತದೆ. ಅದನ್ನು ದಾರಿಯಿಂದಲೇ ತೆಗೆದವರ ಕೆಲಸ ಇನ್ನೂ ದೊಡ್ಡದು.

ಅಂಥವರಲ್ಲೊಬ್ಬನಾದ ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ, ಪ್ಯಾರಿಸ್ ಸಮೀಪದ ಕೂವ್ರೇ ಊರಿನಲ್ಲಿ. ತಂದೆ ಕುದುರೆಯ ಜೀನು ಮಾಡುವವನು. ಮೂರು ವರ್ಷದ ಮಗು ಅಪ್ಪನ ಚೂಪು ಸಲಕರಣೆ ಹಿಡಿದು ಆಡುವಾಗ ಕಣ್ಣಿಗೆ ಚುಚ್ಚಿಕೊಂಡಿತು. ನಂಜೇರಿ ಎರಡೂ ಕಣ್ಣು ಹೋದವು. ಮುಂದೆ ಸೇರಿದ ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಪುಸ್ತಕಗಳೇನೋ ಇದ್ದವು. ದಪ್ಪ ಕಾಗದದ ಮೇಲೆ ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿ ಅಚ್ಚೊತ್ತಿದ್ದರು. ಒಂದೊಂದು ಅಕ್ಷರವನ್ನೂ ಬೆರಳಿನಿಂದ ಸವರಿ ಸವರಿ ಗುರುತಿಸಬೇಕು. ಅದರಲ್ಲಿ ತಾವೇ ಬರೆಯುವುದಂತೂ ಆಗದ ಮಾತು. ಲೂಯಿ ಅದನ್ನೂ ಓದಲು ಕಲಿತ.

ತನ್ನ ಓದು ಸಾಗಿತೆಂದು ಅವನು ಸುಮ್ಮನಾಗಲಿಲ್ಲ. ಸೇನೆಯಲ್ಲಿದ್ದ ಶಾರ್ಲ್ ಬಾರ್ಬಿಯೆ ರೂಪಿಸಿದ್ದ ಹನ್ನೆರಡು ಉಬ್ಬು ಚುಕ್ಕಿಗಳ ಬರಹ ಶಾಲೆಗೆ ಬಂತು. ಅಷ್ಟು ಚುಕ್ಕಿ ಬೆರಳ ತುದಿಗೆ ಒಮ್ಮೆಲೇ ಸಿಗುವುದಿಲ್ಲ. ಲೂಯಿ ಅದನ್ನು ಆರಕ್ಕೆ ಇಳಿಸಿದ: ಮೇಲಿನಿಂದ ಕೆಳಕ್ಕೆ ಎರಡು ಸಾಲು, ಸಾಲಿಗೆ ಮೂರು. ಬೆರಳಿಟ್ಟ ಕೂಡಲೇ ಅಕ್ಷರ ತಿಳಿಯಿತು. ಮೊನೆಯಿಂದ ಕಾಗದ ಒತ್ತಿ ಬರೆಯಲೂ ಬಂತು. ಆಗ, 1824ರಲ್ಲಿ, ಅವನಿಗೆ ಹದಿನೈದು ವರ್ಷ.

ಹೋದ ಕಣ್ಣು ಮರಳಲಿಲ್ಲ, ಆದರೂ ಓದಿನ ಅಡ್ಡಿ ಹೋಯಿತು. ಕಣ್ಣಿದ್ದವರು ತಮಗೆ ತಕ್ಕಂತೆ ಮಾಡಿಕೊಂಡ ಪುಸ್ತಕವೇ ಅಡ್ಡಿಯಾಗಿತ್ತು. ಆದರೆ ಕಣ್ಣಿದ್ದ ಹಲವು ಶಿಕ್ಷಕರಿಗೆ ಹೊಸ ಲಿಪಿ ಹಿಡಿಸಲಿಲ್ಲ. ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಲೂಯಿ ತೀರಿಕೊಂಡು ಎರಡು ವರ್ಷವಾದ ಮೇಲೆ. ಇಂದು ಅದೇ ಆರು ಚುಕ್ಕಿಗಳಲ್ಲಿ, ಭಾರತಿ ಬ್ರೈಲ್ ಲಿಪಿಯಲ್ಲಿ, ನಮ್ಮ ಅಂಧ ಮಕ್ಕಳು ಕನ್ನಡ ಓದುತ್ತಾರೆ.

ಸುತ್ತಲಿನ ಎಷ್ಟೋ ಅಡ್ಡಿಗಳನ್ನು ನಾವೇ ಯೋಚಿಸದೆ ಇಟ್ಟಿರುತ್ತೇವೆ. ಕಚೇರಿ ಬಾಗಿಲಿಗೆ ಬರೀ ಮೆಟ್ಟಿಲು ಕಟ್ಟಿ, ಗಾಲಿಕುರ್ಚಿಯಲ್ಲಿ ಬಂದವರಿಗೆ ಧೈರ್ಯ ಹೇಳಿ ಏನು ಬಂತು? ಓದು ಬಾರದ ಅಜ್ಜಿಯನ್ನು ‘ಅರ್ಜಿ ತುಂಬಿಸಿಕೊಂಡು ಬಾ’ ಎಂದು ಕಿಟಕಿಯಿಂದಲೇ ವಾಪಸು ಕಳಿಸುವುದೂ ಅಂಥದೇ.

ಕಷ್ಟಪಟ್ಟು ಮೇಲೆ ಬಂದ ಕೆಲವರು, ‘ನಾನು ಪಟ್ಟ ಪಾಡು ಅವರೂ ಪಡಲಿ, ಗಟ್ಟಿಯಾಗುತ್ತಾರೆ’ ಎನ್ನುತ್ತಾರೆ. ಆದರೆ ದಾರಿಯಲ್ಲಿ ಕಲ್ಲು ಎಲ್ಲಿದೆ ಎಂಬುದು ಎಡವಿದವರಿಗೇ ಚೆನ್ನಾಗಿ ಗೊತ್ತು. ಅದನ್ನು ಎತ್ತಿ ಬದಿಗಿಡುವ ಹೊಣೆಯೂ ಮೊದಲು ಅವರದೇ.