ಅಸಮಾಪ್ತ ಕಾರ್ಯ

ಇಂಡಿಯಿಂದ ವಿಜಾಪುರಕ್ಕೆ ಹೋಗಿ, ಆದಿಲಶಾಹಿಗಳ ರಾಜಧಾನಿಯನ್ನು ಮೊಮ್ಮಗನೊಡನೆ ಹಗಲೆಲ್ಲ ನಡೆದು ನೋಡಿದೆನು. ಗೋಳಗುಮ್ಮಟದಲ್ಲಿ ಅವನು ತನ್ನ ಹೆಸರನ್ನು ಕೂಗಿ, ಅದು ಮರಳಿ ಮರಳಿ ಕೇಳಿಸಲು ಹಿಗ್ಗಿದನು. 1656ರಲ್ಲಿ ತೀರಿದ ಮಹಮ್ಮದ ಆದಿಲಶಹನ ಗೋರಿಯದು, ಗುಮ್ಮಟವೇರಿ ನಿಂತ ಕೆಲಸ. ಆತನ ಮಗ ಎರಡನೆಯ ಅಲಿಯ ಬಾರಾಕಮಾನು ಹಾಗಲ್ಲ. 1672ರಲ್ಲಿ ಅರಸನೇ ತೀರಿದನು. ಛಾವಣಿ ಕಾಣದ ಕಲ್ಲುಕಮಾನುಗಳ ನಡುವೆ ಬಯಲಿಗೇ ಮಲಗಿದ್ದಾನೆ.

“ಅಜ್ಜಾ, ಅರ್ಧಕ್ಕೆ ಬಿಟ್ಟದ್ದನ್ನ ಏನು ನೋಡೋದು?” ಎಂದನು ಹುಡುಗ.

ಅಸಮಾಪ್ತವಾದುದೆಲ್ಲ ವ್ಯರ್ಥವೆ? ತನ್ನ ಗೋರಿಗಾಗಿ ಅಷ್ಟು ಕಲ್ಲು ಹೊರಿಸಿದುದನ್ನು ನಾನು ಹೊಗಳಲಾರೆ. ಅದು ಬೇರೆ ಮಾತು. ಆದರೆ ಅರ್ಧವಾದುದು ಕಟ್ಟಡ. ನಿಂತ ಕಮಾನು ತನ್ನ ಮಟ್ಟಿಗೆ ಪೂರ್ಣವೇ. ಅಮರಕೋಶಕ್ಕೆ ನಾನು ತೊಡಗಿದ ಕನ್ನಡ ಟೀಕೆ ಮೊದಲ ಕಾಂಡಕ್ಕೇ ನಿಂತು ಹನ್ನೆರಡು ವರ್ಷವಾಯಿತು, ನಾಚಿ ಕಟ್ಟಿಟ್ಟಿದ್ದೆನು. ಆ ರಾತ್ರಿ ಗಂಟು ಬಿಚ್ಚಿದೆನು.