ಹೃದಯವನ್ನೂ ಅಂತರಂಗವನ್ನೂ ಬಲ್ಲ ದೇವರು



ನಿಮ್ಮ ಮನೆಯ ಹಿರಿಯರೊಬ್ಬರ ಎರಡೂ ಕಿಡ್ನಿಗಳು ಸೋತಿವೆ ಎಂದುಕೊಳ್ಳಿ. ವಾರಕ್ಕೆ ಮೂರು ಬಾರಿ, ಪ್ರತಿ ಸಲ ಸುಮಾರು 4 ಗಂಟೆ ಡಯಾಲಿಸಿಸ್. ಈಗ ಹೃದಯದ ರಕ್ತನಾಳಗಳೂ ಕಟ್ಟಿಕೊಂಡಿವೆ. "ಬೈಪಾಸ್ ಮಾಡಬಹುದು, ಆದರೆ ಅಪಾಯ ಹೆಚ್ಚು. ಯೋಚಿಸಿ ಹೇಳಿ" ಎನ್ನುತ್ತಾರೆ ಡಾಕ್ಟರು. ಆಗ ಏನು ಹೇಳುವಿರಿ?

ಡಾಕ್ಟರ ಮಾತು ನಿಜ. ಕಾಲಿನಿಂದಲೋ ಎದೆಯೊಳಗಿಂದಲೋ ತೆಗೆದ ರಕ್ತನಾಳವನ್ನು ಜೋಡಿಸಿ ರಕ್ತಕ್ಕೆ ಹೊಸ ದಾರಿ ಮಾಡುವುದೇ ಬೈಪಾಸ್. ಕಿಡ್ನಿ ಸೋತವರ ರಕ್ತನಾಳಗಳು ಕ್ಯಾಲ್ಸಿಯಂ ಕೂಡಿ ಗಡುಸಾಗಿರುವುದುಂಟು. ರಕ್ತಸ್ರಾವ, ಸೋಂಕಿನ ಭಯ ಹೆಚ್ಚು. ಗಾಯ ಮಾಯುವುದು ನಿಧಾನ. ಹೃದಯ ಸರಿಹೋದರೂ ಡಯಾಲಿಸಿಸ್ ತಪ್ಪದು. ಆದರೂ ಇದನ್ನು ದಾಟಿ, ಎದೆನೋವಿಲ್ಲದೆ ಬಾಳಿದವರಿದ್ದಾರೆ.

"ಬೇಡವೆಂದರೆ ಅಪ್ಪನನ್ನು ನಾವೇ ಕೊಂದಂತಲ್ಲವೇ?" ಎಂದು ಮಕ್ಕಳು ಕಣ್ಣೀರಿಡುತ್ತಾರೆ. ಅಲ್ಲ. ಸಾಮಾನ್ಯ ಚಿಕಿತ್ಸೆ ಪಡೆಯುವುದು ಕರ್ತವ್ಯ, ವಿಪರೀತ ಹೊರೆಯಾಗುವ ಚಿಕಿತ್ಸೆಗೆ ಯಾರೂ ಬದ್ಧರಲ್ಲ ಎಂದು ಜಗದ್ಗುರು 12ನೇ ಪಯಸ್‌ರವರು 1957ರಲ್ಲೇ ಅರಿವಳಿಕೆ ವೈದ್ಯರಿಗೆ ತಿಳಿಸಿದರು. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದನ್ನೇ ಬೋಧಿಸುತ್ತದೆ. ರೋಗಿಗೆ ಅರಿವಿರುವಾಗ ನಿರ್ಧಾರ ಅವರದೇ ಎನ್ನುತ್ತದೆ. ಭರವಸೆಯಿಂದ ಆಪರೇಷನ್ನಿಗೆ ಒಪ್ಪುವುದೂ ಸರಿ, ಸಾಕೆಂದು ದೇವರ ಕೈಗೆ ಒಪ್ಪಿಸಿಕೊಳ್ಳುವುದೂ ಸರಿ. ಖರ್ಚನ್ನು ತೂಗಿ ನೋಡುವುದು ತಪ್ಪಲ್ಲ. ಹೆತ್ತವರನ್ನೇ ಹೊರೆಯೆಂದು ತೂಗುವುದು ತಪ್ಪು. ಆಪರೇಷನ್ ಬೇಡವೆಂದ ಮಾತ್ರಕ್ಕೆ ಆರೈಕೆಯನ್ನು ಬಿಡುವಂತಿಲ್ಲ.

ಗೆತ್ಸೆಮನೆಯಲ್ಲಿ ಪ್ರಭು ಯೇಸು ಸಂಕಟದ ಪಾತ್ರೆ ದೂರವಾಗಲೆಂದು ಬೇಡಿದರು. ತಂದೆಯ ಚಿತ್ತಕ್ಕೂ ತಲೆಬಾಗಿದರು. ಆ ಹೊತ್ತಿನಲ್ಲಿ ಶಿಷ್ಯರು ನಿದ್ರಿಸುತ್ತಿದ್ದರು. ನಾವು ಎಚ್ಚರವಿರೋಣ. ವರಾಂಡದಲ್ಲಿ ನಿಂತು ನಾವು ನಾವೇ ತೀರ್ಮಾನಿಸುವ ಬದಲು, ಅವರ ಹಾಸಿಗೆಯ ಬಳಿ ಕುಳಿತು, "ಅಪ್ಪಾ, ನಿಮ್ಮ ಮನಸ್ಸಿನಲ್ಲಿ ಏನಿದೆ?" ಎಂದು ಕೇಳೋಣ.

ಆಪರೇಷನ್ನಿಗೆ ಮುಂಚೆಯೇ ಗುರುಗಳನ್ನು ಕರೆಯಿರಿ. ರೋಗಿಗಳ ಅಭ್ಯಂಗ ಸಾಯುವವರಿಗೆ ಮಾತ್ರವೆಂಬ ಭಯ ಬೇಡ; ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರಿಗೂ ಅದು ತಕ್ಕ ಸಂಸ್ಕಾರ. ನೆರೆಹೊರೆಯ ಕುಟುಂಬಗಳೇ, ಪ್ರಾರ್ಥನೆಯ ಜೊತೆಗೆ ವಾರದಲ್ಲಿ ಒಂದು ದಿನವಾದರೂ ಡಯಾಲಿಸಿಸ್‌ಗೆ ಜೊತೆಯಾಗಿ ಹೋಗಿ ಬನ್ನಿ.

ದೇವರು ಹೃದಯವನ್ನೂ ಅಂತರಂಗವನ್ನೂ ಪರೀಕ್ಷಿಸುವವರು ಎಂದು ಪ್ರವಾದಿ ಯೆರೆಮೀಯನ 17ನೇ ಅಧ್ಯಾಯದಲ್ಲಿ ಓದುತ್ತೇವೆ. ಅಂತರಂಗ ಎಂದಿರುವಲ್ಲಿ ಹಿಬ್ರೂ ಮೂಲದಲ್ಲಿರುವುದು ಮೂತ್ರಪಿಂಡ ಎಂಬ ಪದವೇ! ರೋಗಿಯ ಆ ಎರಡು ಅಂಗಗಳನ್ನೂ ಬಲ್ಲಾತ ನಮ್ಮ ಗೊಂದಲವನ್ನೂ ಬಲ್ಲ.

ಪ್ರಭುವೇ, ನಿರ್ಧರಿಸಬೇಕಾದವರಿಗೆ ವಿವೇಕವನ್ನೂ ನರಳುವವರಿಗೆ ಶಾಂತಿಯನ್ನೂ ದಯಪಾಲಿಸು. ಆಮೆನ್.